ನಿರ್ದೇಶಕರು ಬೇಕಾಗಿದ್ದಾರೆ: ವಾಯುಗುಣ ಸಂಶೋಧನಾ ಕೇಂದ್ರಗಳ ನೇಮಕಾತಿ ಕುರಿತು

ವಾಯುಗುಣ ಬದಲಾವಣೆಯ ಸಂಶೋಧನೆಗಾಗಿ ಸ್ಥಾಪಿತವಾದ ಕೇಂದ್ರಗಳಿಗೆ ಹಿರಿಯ ನಿರ್ದೇಶಕರನ್ನು ಹುಡುಕುವ ಜಾಹೀರಾತುಗಳು ಈಗ ಅಪರೂಪವೇನಲ್ಲ. ಅವುಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ. ವಿಜ್ಞಾನದ ಅಥವಾ ತಂತ್ರಜ್ಞಾನದ ಯಾವುದಾದರೂ ಶಾಖೆಯಲ್ಲಿ ಪಿಎಚ್.ಡಿ. ಪದವಿ, ಹದಿನೈದೋ ಇಪ್ಪತ್ತೋ ವರ್ಷಗಳ ಅನುಭವ, ಅದರಲ್ಲಿ ಇಂತಿಷ್ಟು ವರ್ಷ ಪ್ರಾಧ್ಯಾಪಕ ಅಥವಾ ತತ್ಸಮಾನ ಹುದ್ದೆಯಲ್ಲಿ, ಮಾನ್ಯತೆ ಪಡೆದ ನಿಯತಕಾಲಿಕಗಳಲ್ಲಿ ಪ್ರಬಂಧಗಳು, ಹೊರಗಿನಿಂದ ಅನುದಾನ ತಂದ ದಾಖಲೆ, ಆಡಳಿತದ ಅನುಭವ, ವಯೋಮಿತಿ. ಕೊನೆಯಲ್ಲಿ, ಅವಧಿ ಮೂರು ವರ್ಷ ಅಥವಾ ಮುಂದಿನ ಆದೇಶದವರೆಗೆ. ಅರ್ಜಿದಾರರಿಂದ ಏನೇನು ಬೇಕೆಂದು ಇಷ್ಟು ವಿವರವಾಗಿ ಹೇಳುವ ಜಾಹೀರಾತು ಒಂದು ಮಾತನ್ನು ಮಾತ್ರ ಹೇಳುವುದಿಲ್ಲ. ಆ ಕೇಂದ್ರ ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿದೆ ಎಂಬುದೇ ಆ ಮಾತು.

ಇದು ಸಣ್ಣ ಲೋಪವೆಂದು ತೋರಬಹುದು. ಪ್ರಶ್ನೆಗಳನ್ನು ನಿರ್ದೇಶಕರೇ ಬಂದು ಗೊತ್ತುಮಾಡಿಕೊಳ್ಳುತ್ತಾರೆ ಎಂದು ಸಮರ್ಥಿಸಿಕೊಳ್ಳಲೂಬಹುದು. ಆದರೆ ಅದೇ ಜಾಹೀರಾತನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆ ಹೊಲದ ಬದುವಿನ ಮೇಲೆ ನಿಂತು ಓದಿದರೆ ಅದರ ಟೊಳ್ಳು ಎದ್ದು ಕಾಣುತ್ತದೆ. ರಾಜ್ಯದಲ್ಲಿ ವಾಯುಗುಣ ಬದಲಾವಣೆಯ ಹೊಡೆತಕ್ಕೆ ಬೇಗ ಸಿಕ್ಕುವ ಪ್ರದೇಶ ಯಾವುದೆಂದು ಕೇಳಿದರೆ ಉತ್ತರ ಕರ್ನಾಟಕದ ಒಣವಲಯವನ್ನು ಬಿಟ್ಟು ಉತ್ತರ ಹೇಳಲಾಗದು. ಈ ನಾಲ್ಕು ತಾಲ್ಲೂಕುಗಳು ಇರುವುದು ಅದರ ನಡುವೆಯೇ. (ಇವು ಹಳೆಯ ತಾಲ್ಲೂಕುಗಳು. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಈಗ ಬೇರೆ ತಾಲ್ಲೂಕುಗಳಾಗಿವೆ. ಮಳೆಗೆ ಆ ಗಡಿ ಗೊತ್ತಿಲ್ಲದ್ದರಿಂದ ಇಲ್ಲಿ ಹಳೆಯ ಹೆಸರುಗಳನ್ನೇ ಬಳಸಿದ್ದೇನೆ.)

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಅದರಲ್ಲಿ ಸೆಪ್ಟೆಂಬರ್ ತಿಂಗಳದ್ದೇ ದೊಡ್ಡ ಪಾಲು. ಮುಂಗಾರಿನ ನೀರನ್ನು ಎರೆ ಮಣ್ಣಿನಲ್ಲಿ ಕೂಡಿಟ್ಟುಕೊಂಡು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುವುದು ಹಿಂದಿನಿಂದ ಬಂದ ಪದ್ಧತಿ. ಒಂದು ಮೀಟರ್ ಆಳದ ಎರೆ ಮಣ್ಣು ಬೆಳೆಗೆ ಸಿಗುವಂತೆ ಸುಮಾರು 150ರಿಂದ 200 ಮಿ.ಮೀ. ನೀರನ್ನು ಹಿಡಿದಿಡಬಲ್ಲದು. ಬಿತ್ತಿದ ಮೇಲೆ ಒಂದು ಹನಿಯೂ ಬೀಳದೆ ಜೋಳ ತೆನೆ ಕಟ್ಟುವ ವರ್ಷಗಳು ಉಂಟು. ಅಂದರೆ ಇಲ್ಲಿಯ ಬೇಸಾಯ ಒಂದು ಬಗೆಯ ಠೇವಣಿ ಲೆಕ್ಕ. ಜಮೆ ಆಗುವುದು ಎರಡು ಮೂರು ತಿಂಗಳು, ಖರ್ಚು ನಾಲ್ಕು ತಿಂಗಳು. ತಾಪ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆಂದು ಭೌತವಿಜ್ಞಾನ ಹೇಳುತ್ತದೆ. ಇದರ ಪರಿಣಾಮ ಎರಡು ಕಡೆಯಿಂದಲೂ ಬರುತ್ತದೆ. ಮಳೆ ಬಂದಾಗ ಒಮ್ಮೆಲೇ ಸುರಿದು ಮಣ್ಣಿಗೆ ಇಂಗುವ ಮೊದಲೇ ಹಳ್ಳ ಸೇರುತ್ತದೆ. ಮಳೆ ಇಲ್ಲದಾಗ ಗಾಳಿ ಮಣ್ಣಿನ ಠೇವಣಿಯನ್ನು ಹೆಚ್ಚು ವೇಗದಲ್ಲಿ ಹೀರುತ್ತದೆ.

ಈಚಿನ ವರ್ಷಗಳನ್ನೇ ನೋಡಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಕಡೆಯ ದಂಡೆಯ ಊರುಗಳನ್ನು ಮುಳುಗಿಸಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಭೀಮೆಯ ನೆರೆ. ಐದು ವರ್ಷಗಳಲ್ಲಿ ನೆರೆ, ಬರ, ನೆರೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಕೊಳವೆಬಾವಿ ಬತ್ತಿದ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಳ್ಳುವವನಿಗೆ ಆ ಮಾನ್ಯತೆಯಿಂದ ನೆರಳು ಸಿಗುವುದಿಲ್ಲ. ಮುದ್ದೇಬಿಹಾಳ ಸೀಮೆಯ ರೈತ ಜೋಳ ಬಿಟ್ಟು ತೊಗರಿ ಹಾಕಬೇಕೇ? ಬಾಗೇವಾಡಿ ಕಡೆ ಮುಳವಾಡ ಏತ ನೀರಾವರಿಯಿಂದ ಕೆರೆಗೆ ಬಂದ ನೀರನ್ನು ಕಬ್ಬಿಗೆ ಬಿಡಬೇಕೇ, ಬರದ ವರ್ಷಕ್ಕೆ ಉಳಿಸಬೇಕೇ? ಡೋಣಿ ಹರಿದರೆ ಜೋಳಕ್ಕೆ ಕೊರತೆಯಿಲ್ಲ ಎಂದು ಹಿರಿಯರು ನಂಬಿದ್ದ ಆ ನದಿ ಈಗ ಹರಿದಾಗಲೆಲ್ಲ ಹೊಲ ಕೊಚ್ಚುತ್ತಿರುವುದೇಕೆ? ನಿರ್ದೇಶಕರ ಮೇಜಿಗೆ ಬರಬೇಕಾದ ಪ್ರಶ್ನೆಗಳು ಇವು.

ಇವುಗಳಿಗೆ ಉತ್ತರ ಹುಡುಕುವವರ ಅವಧಿ ಮೂರು ವರ್ಷವಾದರೆ ಏನಾಗುತ್ತದೆಂಬುದನ್ನು ಒಂದು ಸರಳ ಲೆಕ್ಕದಿಂದ ತೋರಿಸಬಹುದು. ಸರಾಸರಿ ಮಳೆ 600 ಮಿ.ಮೀ., ವರ್ಷದಿಂದ ವರ್ಷಕ್ಕೆ ಅದರ ಏರಿಳಿತದ ಪ್ರಮಾಣ ಶೇಕಡಾ 28 ಎಂದು ಇಟ್ಟುಕೊಳ್ಳೋಣ. ಒಣವಲಯಕ್ಕೆ ಇದು ಅತಿಯಾದ ಊಹೆಯಲ್ಲ. ಆಗ ಮಾನಕ ವಿಚಲನೆ 168 ಮಿ.ಮೀ. ಹತ್ತು ವರ್ಷಗಳ ಸರಾಸರಿಯಲ್ಲಿ ಉಳಿಯುವ ಅನಿಶ್ಚಿತತೆ ಸುಮಾರು 53 ಮಿ.ಮೀ. ಒಂದು ದಶಕವನ್ನು ಇನ್ನೊಂದರೊಡನೆ ಹೋಲಿಸಿದರೆ ಅದು 75 ಮಿ.ಮೀ. ಆಗುತ್ತದೆ. ಮಳೆ ನಿಜವಾಗಿಯೂ ಶೇಕಡಾ 10ರಷ್ಟು, ಅಂದರೆ 60 ಮಿ.ಮೀ., ಕಡಿಮೆಯಾಗಿದ್ದರೂ ಎರಡು ದಶಕಗಳ ಅಂಕಿಗಳು ಅದನ್ನು ಹೇಳಲಾರವು. ಮೂವತ್ತು ಮೂವತ್ತು ವರ್ಷಗಳನ್ನು ಹೋಲಿಸಿದರೆ ಅನಿಶ್ಚಿತತೆ 43 ಮಿ.ಮೀ.ಗೆ ಇಳಿಯುತ್ತದೆ. ಆಗಲೂ ಖಚಿತವಾಗಿ ಮಾತಾಡಬೇಕಾದರೆ ವ್ಯತ್ಯಾಸ ಅದರ ಎರಡರಷ್ಟಾದರೂ ಇರಬೇಕು. ಹೀಗಾಗಿ ಒಂದೇ ಮಳೆಮಾಪಕದ 60 ವರ್ಷಗಳ ದಾಖಲೆಯೂ ಶೇಕಡಾ 10ರ ಬದಲಾವಣೆಯನ್ನು ಸಾಬೀತು ಮಾಡಲಾರದು. ಮೂರು ವರ್ಷಗಳ ನಿರ್ದೇಶಕರು ಏನನ್ನು ಸಾಬೀತು ಮಾಡಿಯಾರು?

ಹಾಗೆಂದು ಎಲ್ಲವೂ ಅಷ್ಟೇ ಕಷ್ಟವಲ್ಲ. ತಾಪದ ಏರಿಳಿತ ಮಳೆಯದಕ್ಕಿಂತ ಬಹಳ ಕಡಿಮೆಯಾದ್ದರಿಂದ ಅದರ ಪ್ರವೃತ್ತಿ ಬೇಗ ಸ್ಪಷ್ಟವಾಗುತ್ತದೆ. ಭಾರೀ ಮಳೆಯ ದಿನಗಳನ್ನು ಹಲವು ಮಾಪಕಗಳ ದಾಖಲೆ ಒಟ್ಟುಗೂಡಿಸಿ ಎಣಿಸಬಹುದು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಂದರಂತೆ ದೂರಮಾಪನದ ಮಳೆಮಾಪಕಗಳಿವೆ, ಒಟ್ಟು 6,000ಕ್ಕೂ ಹೆಚ್ಚು. ಆದರೆ ಅಕ್ಕಪಕ್ಕದ ಎರಡು ಪಂಚಾಯಿತಿಗಳ ಮಾಪಕಗಳು ಒಂದೇ ಮೋಡವನ್ನು ಅಳೆಯುತ್ತವೆ. ಸಾವಿರ ಮಾಪಕಗಳಿದ್ದರೆ ಸಾವಿರ ಸ್ವತಂತ್ರ ಸಾಕ್ಷಿಗಳು ಇದ್ದಂತಲ್ಲ. ಯಾವುದನ್ನು ಐದು ವರ್ಷಗಳಲ್ಲಿ ಹೇಳಬಹುದು, ಯಾವುದಕ್ಕೆ ಐವತ್ತು ವರ್ಷ ಬೇಕು ಎಂಬ ವಿವೇಕ ಈ ಹುದ್ದೆಗೆ ಬೇಕಾದ ಮೊದಲ ಅರ್ಹತೆ. ಪ್ರಬಂಧಗಳ ಸಂಖ್ಯೆಯಿಂದ ಇದು ಗೊತ್ತಾಗುವುದಿಲ್ಲ. ಬೇಗ ಪ್ರಕಟಿಸಬೇಕೆಂಬ ಒತ್ತಡ ಈ ವಿವೇಕಕ್ಕೆ ವಿರುದ್ಧವಾಗಿಯೇ ಕೆಲಸ ಮಾಡುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ಪ್ರಾಧ್ಯಾಪಕ ಹುದ್ದೆಗೆ ಹತ್ತು ವರ್ಷಗಳ ಅನುಭವ, ಹತ್ತು ಪ್ರಬಂಧ, 120 ಸಂಶೋಧನಾ ಅಂಕ ಎಂಬ ಲೆಕ್ಕವಿದೆ. ಪಾಠ ಹೇಳುವವರಿಗೆ ಅದು ಸಾಕಾಗಬಹುದು. ಅದೇ ಅಳತೆಗೋಲನ್ನು ಎತ್ತಿ ವಾಯುಗುಣ ಕೇಂದ್ರದ ನಿರ್ದೇಶಕರಿಗೆ ಹಿಡಿಯುವುದು ಕೂರಿಗೆಯಿಂದ ರಾಶಿ ಮಾಡಲು ಹೊರಟಂತೆ.

ಈಗ ನಮ್ಮಲ್ಲಿ ಇಂಥ ಸಂಸ್ಥೆಗಳಿಗೆ ಮುಖ್ಯಸ್ಥರು ಬರುವ ದಾರಿಗಳನ್ನು ನೋಡೋಣ. ಒಂದು, ನಿಯೋಜನೆ. ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ 2002ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ವಾಯುಗುಣ ಬದಲಾವಣೆ ಕುರಿತ ರಾಜ್ಯ ಕ್ರಿಯಾಯೋಜನೆಯ ಹೊಣೆ ಹೊತ್ತದ್ದು ಅದೇ. ಅದರ ಮಹಾನಿರ್ದೇಶಕರ ಸ್ಥಾನಕ್ಕೆ ಅರಣ್ಯ ಸೇವೆಯ ಹಿರಿಯ ಅಧಿಕಾರಿಗಳು ಬರುತ್ತಾರೆ. ವ್ಯಕ್ತಿಗಳ ಯೋಗ್ಯತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಅವರಲ್ಲಿ ಆಳವಾಗಿ ಓದಿಕೊಂಡವರು ಇದ್ದಾರೆ. ಕಾಡು ಬಲ್ಲವರು ಇಂಗಾಲದ ಲೆಕ್ಕವನ್ನೂ ಬಲ್ಲರು. ತೊಂದರೆ ಇರುವುದು ವ್ಯವಸ್ಥೆಯಲ್ಲಿ. ಹುದ್ದೆ ಒಂದು ಸೇವೆಯ ಏಣಿಯ ಮೆಟ್ಟಿಲಾದಾಗ ಅಲ್ಲಿಗೆ ಬರುವುದೂ ಅಲ್ಲಿಂದ ಹೋಗುವುದೂ ಏಣಿಯ ನಿಯಮದಂತೆ ನಡೆಯುತ್ತದೆ, ಸಂಶೋಧನೆಯ ನಿಯಮದಂತಲ್ಲ. ಎರಡನೆಯದು, ವಿಶ್ವವಿದ್ಯಾಲಯಗಳಲ್ಲಿ ಜ್ಯೇಷ್ಠತೆಯ ಸರದಿ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕಂಡವರಿಗೆಲ್ಲ ಗೊತ್ತು. ಮೂರನೆಯದು ಪ್ರಭಾರ. ಶೋಧನಾ ಸಮಿತಿ ರಚನೆಯಾಗುವವರೆಗೆ ಪ್ರಭಾರ, ಸಮಿತಿ ವರದಿ ಕೊಡುವವರೆಗೆ ಪ್ರಭಾರ, ವರದಿಯ ಮೇಲೆ ಆದೇಶ ಬರುವವರೆಗೂ ಪ್ರಭಾರ. ಪ್ರಭಾರದಲ್ಲಿರುವವರು ಸಂಬಳದ ಬಿಲ್ಲಿಗೆ ಸಹಿ ಹಾಕಬಲ್ಲರು. ಹತ್ತು ವರ್ಷದ ಪ್ರಯೋಗವೊಂದನ್ನು ಆರಂಭಿಸುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು?

ಬೇರೆ ದಾರಿ ಇಲ್ಲವೇ ಎಂದರೆ, ಇದೆ. ಅದು ಈ ಜಿಲ್ಲೆಯಲ್ಲೇ ಒಮ್ಮೆ ತುಳಿದ ದಾರಿ. 1929ರಲ್ಲಿ ಸ್ಥಾಪನೆಯಾದ ಅಂದಿನ ಇಂಪೀರಿಯಲ್ ಕೃಷಿ ಸಂಶೋಧನಾ ಪರಿಷತ್ತು, ಒಣಬೇಸಾಯದ ಅಧ್ಯಯನಕ್ಕಾಗಿ 1933ರಿಂದ 1935ರ ನಡುವೆ ಐದು ಕೇಂದ್ರಗಳನ್ನು ತೆರೆಯಿತು: ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್. ಐದರಲ್ಲಿ ಮೂರು ಇಂದಿನ ಉತ್ತರ ಕರ್ನಾಟಕದಲ್ಲೇ ಇವೆ. ನಾಲ್ಕನೆಯದಾದ ಸೊಲ್ಲಾಪುರ ಇಂಡಿಯಿಂದ ಕೂಗಳತೆಯಲ್ಲಿದೆ. ಆ ಯೋಜನೆಯ ಹಿಂದೆ 'ವಾಯುಗುಣ ಬದಲಾವಣೆ' ಎಂಬ ಮಾತಿರಲಿಲ್ಲ. ಡೋಗಿ ಬರ ಮತ್ತು 1876ರಿಂದ 78ರವರೆಗಿನ ಕ್ಷಾಮದ ನೆನಪಿತ್ತು. ಆದರೆ ಪ್ರಶ್ನೆ ಮಾತ್ರ ಸ್ಪಷ್ಟವಾಗಿತ್ತು: ಇಪ್ಪತ್ತು ಇಪ್ಪತ್ತೈದು ಇಂಚು ಮಳೆಯನ್ನು ಎರೆ ಮಣ್ಣಿನಲ್ಲಿ ಉಳಿಸಿ ಜೋಳ ಬೆಳೆಯುವುದು ಹೇಗೆ?

ಪ್ರಶ್ನೆ ಹೀಗೆ ನಿಂತದ್ದರಿಂದ ಅದಕ್ಕೆ ಎಂಥವರು ಬೇಕೆಂಬುದೂ ತಾನಾಗಿ ಗೊತ್ತಾಯಿತು. ಮುಂಬಯಿ ಪ್ರಾಂತದಲ್ಲಿ ಈ ಕೆಲಸದ ಮುಂಚೂಣಿಯಲ್ಲಿದ್ದವರು ಮಣ್ಣಿನ ಭೌತವಿಜ್ಞಾನಿ ಎನ್.ವಿ. ಕಾನಿಟ್ಕರ್. ಬದು ಹಾಕುವುದು, ಆಳದ ಉಳುಮೆ, ಸಾಲುಗಳ ಅಂತರ ಹೆಚ್ಚಿಸಿ ಬೀಜ ಕಡಿಮೆ ಮಾಡುವುದು, ಮೇಲಿಂದ ಮೇಲೆ ಕುಂಟೆ ಹೊಡೆದು ಮಣ್ಣಿನ ಮೇಲ್ಪದರವನ್ನು ಸಡಿಲವಾಗಿಟ್ಟು ತೇವ ಆರದಂತೆ ನೋಡಿಕೊಳ್ಳುವುದು - ಇವೆಲ್ಲ ಸೇರಿ 'ಮುಂಬಯಿ ಒಣಬೇಸಾಯ ಪದ್ಧತಿ' ಎಂದು ಹೆಸರಾಯಿತು. ಸುಮಾರು ಹತ್ತು ವರ್ಷಗಳ ಪ್ರಯೋಗದ ಫಲ ಕಾನಿಟ್ಕರ್ ಅವರ 'ಡ್ರೈ ಫಾರ್ಮಿಂಗ್ ಇನ್ ಇಂಡಿಯಾ' ಗ್ರಂಥದಲ್ಲಿ 1944ರಲ್ಲಿ ಪ್ರಕಟವಾಯಿತು. ಆ ಪದ್ಧತಿ ಇಳುವರಿಯನ್ನು ಹೆಚ್ಚಿಸಿದರೂ ಆ ಹೆಚ್ಚಳ ರೈತ ಹಾಕಬೇಕಾಗಿದ್ದ ದುಡಿಮೆಗೆ ಹೋಲಿಸಿದರೆ ದೊಡ್ಡದಾಗಿರಲಿಲ್ಲವೆಂಬ ಟೀಕೆಯೂ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ಪ್ರಶ್ನೆಯೊಡನೆ ಒಂದು ದಶಕ ಕೂತದ್ದರಿಂದಲೇ ಆ ಮಿತಿ ಗೊತ್ತಾದದ್ದು. 1970ರಲ್ಲಿ ಅಖಿಲ ಭಾರತ ಒಣಬೇಸಾಯ ಸಮನ್ವಯ ಯೋಜನೆ ಆರಂಭವಾದಾಗ ಬಿಜಾಪುರ ಅದರ ಕೇಂದ್ರಗಳಲ್ಲಿ ಒಂದಾಯಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ವಿಜಯಪುರದ ಹಿಟ್ಟಿನಹಳ್ಳಿಯಲ್ಲಿ ಆ ಕೆಲಸ ಮುಂದುವರಿದಿದೆ.

ಇನ್ನು ಈ ಕಾಲದ ಉದಾಹರಣೆಗಳು. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ವಾಯುಗುಣ ಬದಲಾವಣೆ ಸಂಶೋಧನಾ ಕೇಂದ್ರ ಆರಂಭವಾಯಿತು. ಅದನ್ನು ಬೆಳೆಸಿದ ಆರ್. ಕೃಷ್ಣನ್ ಅದೇ ಸಂಸ್ಥೆಯಲ್ಲಿ ಮುಂಗಾರನ್ನು ಅಧ್ಯಯನ ಮಾಡುತ್ತಿದ್ದವರು. ಆ ಕೇಂದ್ರದ ನೇತೃತ್ವದಲ್ಲಿ 2020ರಲ್ಲಿ ಪ್ರಕಟವಾದ ವರದಿ 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪ ಸುಮಾರು 0.7 ಡಿಗ್ರಿ ಏರಿದೆಯೆಂದೂ, 1951ರಿಂದ 2015ರವರೆಗೆ ಮುಂಗಾರು ಮಳೆ ಸುಮಾರು ಶೇಕಡಾ 6ರಷ್ಟು ಇಳಿದಿದೆಯೆಂದೂ, ಮಧ್ಯಭಾರತದಲ್ಲಿ ದಿನಕ್ಕೆ 150 ಮಿ.ಮೀ. ಮೀರಿದ ಮಳೆಯ ಪ್ರಸಂಗಗಳು ಸುಮಾರು ಶೇಕಡಾ 75ರಷ್ಟು ಹೆಚ್ಚಿವೆಯೆಂದೂ ತೋರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದೇ 2009ರಲ್ಲಿ ದಿವೇಚಾ ಕೇಂದ್ರ ಹುಟ್ಟಿತು. ಹಣ ಕೊಟ್ಟವರು ದಾನಿಗಳು, ಆದರೆ ಮೊದಲ ಅಧ್ಯಕ್ಷರಾದದ್ದು ಯಂತ್ರಶಾಸ್ತ್ರದ ಹಿನ್ನೆಲೆಯಿಂದ ಬಂದು ಮುಂಗಾರಿನ ಅಧ್ಯಯನದಲ್ಲಿ ದಶಕಗಳನ್ನು ಕಳೆದಿದ್ದ ಜೆ. ಶ್ರೀನಿವಾಸನ್. ಜಾಹೀರಾತಿನ 'ಸಂಬಂಧಿತ ವಿಷಯದಲ್ಲಿ ಪದವಿ' ಎಂಬ ಸಾಲನ್ನು ಅಕ್ಷರಶಃ ಓದಿದ್ದರೆ ಅವರ ಅರ್ಜಿ ಮೊದಲ ಜರಡಿಯಲ್ಲೇ ಉದುರಿಹೋಗುತ್ತಿತ್ತೇನೋ. ರಾಜ್ಯದ ಬರ ಉಸ್ತುವಾರಿ ಕೋಶ 1988ರಲ್ಲಿ ಚಿಕ್ಕದಾಗಿ ಹುಟ್ಟಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದದ್ದೂ ವಿ.ಎಸ್. ಪ್ರಕಾಶ್ ಅವರಂಥವರು ಹಲವು ವರ್ಷ ಅಲ್ಲೇ ಉಳಿದು ಕಟ್ಟಿದ್ದರಿಂದ. ಈ ಮೂರೂ ಕಡೆ ಹುದ್ದೆಗಿಂತ ಮೊದಲೇ ಆ ವ್ಯಕ್ತಿಯ ಮುಂದೆ ಪ್ರಶ್ನೆ ಇತ್ತು.

ಅದೇ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ವಿಜ್ಞಾನದ ಕೇಂದ್ರವನ್ನು ಕಟ್ಟಿದವರಲ್ಲಿ ಪ್ರಮುಖರಾದ ಸುಲೋಚನಾ ಗಾಡ್ಗೀಳ್ ಅವರ ಕೆಲಸವನ್ನು ಇಲ್ಲಿ ನೆನೆಯಲೇಬೇಕು. ಪಾವಗಡ ಮತ್ತು ಅನಂತಪುರ ಸೀಮೆಯ ಮಳೆಯಾಶ್ರಿತ ಶೇಂಗಾ ಬೆಳೆಯನ್ನು ಅವರು ಎತ್ತಿಕೊಂಡರು. ಸ್ವತಃ ಬೇಸಾಯ ಮಾಡುವ ವಿಜ್ಞಾನಿ ಪಿ.ಆರ್. ಶೇಷಗಿರಿ ರಾವ್ ಮತ್ತಿತರರೊಡನೆ ಸೇರಿ, ಹಳೆಯ ಮಳೆ ದಾಖಲೆಯನ್ನೂ ಬೆಳೆಯ ಮಾದರಿಯನ್ನೂ ಜೋಡಿಸಿ, ಯಾವ ಅವಧಿಯಲ್ಲಿ ಬಿತ್ತಿದರೆ ನಷ್ಟದ ಸಂಭವ ಕಡಿಮೆ ಎಂದು ಲೆಕ್ಕ ಹಾಕಿದರು. ಗಮನಿಸಬೇಕಾದ್ದು ಏನೆಂದರೆ, ಪ್ರಶ್ನೆಯನ್ನು ರೈತರೊಡನೆ ಮಾತಾಡಿ ರೂಪಿಸಲಾಗಿತ್ತು. ಮುಂಗಾರಿನ ಭೌತವಿಜ್ಞಾನದಲ್ಲಿ ಅಂತರರಾಷ್ಟ್ರೀಯ ಹೆಸರಿದ್ದವರಿಗೆ ಶೇಂಗಾ ಬಿತ್ತನೆಯ ದಿನ ಕೆಳಮಟ್ಟದ ವಿಷಯವಾಗಿ ಕಾಣಲಿಲ್ಲ. ಸಿಂದಗಿಯ ಬಿಳಿಜೋಳಕ್ಕೆ ಇಂಥ ಲೆಕ್ಕ ಬೇಕು. ಸೆಪ್ಟೆಂಬರ್ ಎರಡನೆಯ ವಾರ ಬಿತ್ತಿದರೆ ಏನು, ಅಕ್ಟೋಬರ್ ಮೊದಲ ವಾರಕ್ಕೆ ಮುಂದೂಡಿದರೆ ಏನು, ಹೂವಾಡುವಾಗ ಮಣ್ಣಿನಲ್ಲಿ ಎಷ್ಟು ತೇವ ಉಳಿದಿರುತ್ತದೆ ಎಂದು.

ಒಬ್ಬರಲ್ಲೇ ಇಷ್ಟೆಲ್ಲ ಸಿಗುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಸಿಗದಿದ್ದರೆ ಇಬ್ಬರನ್ನು ನೇಮಿಸಬಹುದು. ಜರ್ಮನಿಯ ಪಾಟ್ಸ್‌ಡ್ಯಾಮ್ ವಾಯುಗುಣ ಪರಿಣಾಮ ಸಂಶೋಧನಾ ಸಂಸ್ಥೆಯನ್ನು 1992ರಲ್ಲಿ ಸ್ಥಾಪಿಸಿದ ಭೌತವಿಜ್ಞಾನಿ ಹಾನ್ಸ್ ಯೋಆಖಿಮ್ ಶೆಲ್ನ್‌ಹೂಬರ್ 2018ರವರೆಗೆ ಅದರ ನಿರ್ದೇಶಕರಾಗಿದ್ದರು, ಕಾಲು ಶತಮಾನಕ್ಕೂ ಹೆಚ್ಚು. ಅವರ ನಂತರ ಸಂಸ್ಥೆ ಅರ್ಥಶಾಸ್ತ್ರಜ್ಞ ಒಟ್ಮಾರ್ ಎಡೆನ್‌ಹೋಫರ್ ಮತ್ತು ಭೂವ್ಯವಸ್ಥೆಯ ವಿಜ್ಞಾನಿ ಯೋಹಾನ್ ರಾಕ್‌ಸ್ಟ್ರೋಮ್ ಎಂಬ ಇಬ್ಬರನ್ನು ಒಟ್ಟಿಗೆ ನಿರ್ದೇಶಕರನ್ನಾಗಿ ಮಾಡಿತು. ನಮ್ಮ ನಿಯಮಾವಳಿಗಳಲ್ಲಿ ಒಂದು ಕುರ್ಚಿಗೆ ಇಬ್ಬರು ಎಂಬ ಕಲ್ಪನೆಯೇ ಲೆಕ್ಕಪರಿಶೋಧಕರನ್ನು ಗಾಬರಿಗೊಳಿಸೀತು. ಆದರೆ ಒಣಬೇಸಾಯ ಬಲ್ಲವರೊಬ್ಬರು, ವಾತಾವರಣದ ಗಣಿತ ಬಲ್ಲವರೊಬ್ಬರು ಸಮಾನ ಅಧಿಕಾರದಿಂದ ಕೂತರೆ ಯಾರಿಗೆ ನಷ್ಟ?

ಸ್ಥಳೀಯರನ್ನೇ ನೇಮಿಸಿ ಎಂದು ನಾನು ವಾದಿಸುತ್ತಿಲ್ಲ. ಇಂಡಿಯಲ್ಲಿ ಹುಟ್ಟಿದ್ದು ಮುಂಗಾರಿನ ಮಾದರಿ ಕಟ್ಟಲು ಅರ್ಹತೆಯಾಗಲಾರದು. ಕಾನಿಟ್ಕರ್ ಅವರ ಮನೆಮಾತು ಕನ್ನಡವಾಗಿರಲಿಲ್ಲ. ಆದರೆ ಕೇಂದ್ರದ ಫಲಿತಾಂಶ ರೈತನಿಗೆ ತಲುಪುವುದು ಕನ್ನಡದಲ್ಲೇ ಆದ್ದರಿಂದ, ಬಂದವರು ಎರಡು ವರ್ಷಗಳಲ್ಲಿ ಹೊಲದಲ್ಲಿ ನಿಂತು ಮಾತಾಡುವಷ್ಟು ಭಾಷೆ ಕಲಿಯಬೇಕೆಂದು ಕರಾರಿನಲ್ಲಿ ಬರೆಯುವುದು ತಪ್ಪಲ್ಲ.

ಎಲ್ಲಕ್ಕಿಂತ ಇಕ್ಕಟ್ಟಿನ ವಿಷಯ ಸ್ವಾತಂತ್ರ್ಯದ್ದು. ಬಸವನ ಬಾಗೇವಾಡಿಯ ಹಳೆಯ ತಾಲ್ಲೂಕಿನೊಳಗೇ ಕೂಡಗಿಯ ಉಷ್ಣವಿದ್ಯುತ್ ಸ್ಥಾವರವಿದೆ. 800 ಮೆಗಾವಾಟ್‌ನ ಮೂರು ಘಟಕಗಳು, ಒಟ್ಟು 2,400 ಮೆಗಾವಾಟ್, ಉರುವಲು ಕಲ್ಲಿದ್ದಲು, ನೀರು ಆಲಮಟ್ಟಿಯದು. ಸಾಮರ್ಥ್ಯದ ಶೇಕಡಾ 60ರಲ್ಲಿ ನಡೆದರೂ ವರ್ಷಕ್ಕೆ ಸುಮಾರು 1,260 ಕೋಟಿ ಯೂನಿಟ್ ವಿದ್ಯುತ್ತು. ಯೂನಿಟ್ಟಿಗೆ 0.9 ಕಿಲೋಗ್ರಾಂನಂತೆ ಹಿಡಿದರೆ 1.1 ಕೋಟಿ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಈ ವಿದ್ಯುತ್ತು ರಾಜ್ಯಕ್ಕೆ ಬೇಕು, ಇಂಡಿಯ ಪಂಪ್‌ಸೆಟ್ಟಿಗೂ ಬೇಕು. ಅದನ್ನು ಮುಚ್ಚಿ ಎಂದು ಹೇಳುವುದು ಸುಲಭವಲ್ಲ, ಹೇಳಬೇಕಾದ್ದೂ ಅದೇ ಆಗಿರಬೇಕಿಲ್ಲ. ಆದರೆ ಬೂದಿ, ಬಿಸಿನೀರು, ಆಲಮಟ್ಟಿಯಿಂದ ಎತ್ತುವ ನೀರಿನ ಪ್ರಮಾಣ ಇವುಗಳ ಅಳತೆಯನ್ನು ಇದ್ದಂತೆ ಪ್ರಕಟಿಸುವ ಕೇಂದ್ರ ಬೇಕು. ಮುಂದಿನ ಆದೇಶದವರೆಗೆ ಹುದ್ದೆಯಲ್ಲಿರುವ ನಿರ್ದೇಶಕರು ಆ ಅಂಕಿಗಳನ್ನು ಪ್ರಕಟಿಸುವ ಮೊದಲು ಎರಡು ಬಾರಿ ಯೋಚಿಸುತ್ತಾರೆ. ಮನುಷ್ಯಸಹಜವಾದ ಆ ಅಂಜಿಕೆಗೆ ಅವರನ್ನು ದೂರುವ ಬದಲು ಅವಧಿಯ ಷರತ್ತನ್ನು ಬದಲಿಸಬೇಕು.

ಇನ್ನೊಂದು ಮಾತನ್ನು ಆಯ್ಕೆ ಸಮಿತಿಗಳು ಮರೆಯುತ್ತವೆ. ನಿರ್ದೇಶಕರೊಬ್ಬರೇ ಕೇಂದ್ರವಲ್ಲ. ಹವಾಮಾನ ಇಲಾಖೆಯ ಯೋಜನೆಯಡಿ ದೇಶದ ಸುಮಾರು 200 ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳು 2024ರಲ್ಲಿ ಮುಚ್ಚಿದವು. ಅಲ್ಲಿದ್ದವರು ಒಪ್ಪಂದದ ಮೇಲೆ ಬಂದ ಯುವ ವಿಜ್ಞಾನಿಗಳು. ಮಳೆಮಾಪಕದ ಕೊಳವೆಯಲ್ಲಿ ಕಸ ಕಟ್ಟಿದೆಯೇ ಎಂದು ನೋಡುವವರು, ತಿಂಗಳಿಗೊಮ್ಮೆ ಅಂಕಿಗಳ ದೋಷ ತಿದ್ದುವವರು ಖಾಯಂ ಇಲ್ಲದಿದ್ದರೆ ಮೇಲೆ ಎಷ್ಟೇ ದೊಡ್ಡ ಹೆಸರಿನವರು ಕೂತರೂ ದಾಖಲೆ ಕೆಡುತ್ತದೆ. ಮೇಲಿನ 60 ವರ್ಷಗಳ ಲೆಕ್ಕದಲ್ಲಿ ನಡುವೆ ಮೂರು ವರ್ಷ ಮಾಪಕ ಕೆಟ್ಟಿದ್ದರೆ ಏನಾಗುತ್ತದೆಂದು ಓದುಗರೇ ಯೋಚಿಸಬಹುದು.

ಆದ್ದರಿಂದ ಜಾಹೀರಾತಿನ ಮೊದಲ ಪರಿಚ್ಛೇದದಲ್ಲಿ ಅರ್ಹತೆಯ ಬದಲು ಪ್ರಶ್ನೆಗಳು ಅಚ್ಚಾಗಲಿ, ಮೂರೋ ನಾಲ್ಕೋ. ಅವಧಿ ಏಳು ವರ್ಷಕ್ಕೆ ಕಡಿಮೆಯಿಲ್ಲದಿರಲಿ, ನಡುವೆ ತೆಗೆಯಬೇಕಾದರೆ ಲಿಖಿತ ಕಾರಣ ಇರಲಿ. ಅಂಕಿಗಳನ್ನು ಪ್ರಕಟಿಸಲು ಯಾರ ಅನುಮತಿಯೂ ಬೇಡವೆಂದು ಕರಾರಿನಲ್ಲೇ ಬರೆಯಲಿ. ನಿರ್ದೇಶಕರ ಹುದ್ದೆಯೊಡನೆ ಕನಿಷ್ಠ ಹತ್ತು ಖಾಯಂ ಹುದ್ದೆಗಳು ಮಂಜೂರಾಗದ ಹೊರತು ಜಾಹೀರಾತೇ ಹೊರಡದಿರಲಿ. ಸಂದರ್ಶನವನ್ನು ಬೆಂಗಳೂರಿನಲ್ಲೇ ಮಾಡುವುದಾದರೆ ಮಾಡಲಿ. ಅದಕ್ಕೆ ಒಂದು ವಾರ ಮೊದಲು ಪ್ರತಿ ಅಭ್ಯರ್ಥಿಗೂ ಸಿಂದಗಿಯ ಮತ್ತು ಮುದ್ದೇಬಿಹಾಳದ ಮಳೆ ದಾಖಲೆಯನ್ನು, ತಪ್ಪಿಹೋದ ದಿನಗಳ ಸಮೇತ, ಕಳುಹಿಸಿಕೊಡಲಿ. ಇದರಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂದು ಎರಡು ಪುಟ ಬರೆದು ತರಲು ತಿಳಿಸಲಿ. ಆ ಎರಡು ಪುಟಗಳನ್ನು ಓದುವವರಲ್ಲಿ ಒಬ್ಬರಾದರೂ ಹಿಂಗಾರಿ ಜೋಳ ಬಿತ್ತುವವರಿರಲಿ.